ಹುಳಿಗೊಂದು, ಹುರಿಯಲೊಂದು

ಪಾತ್ರೆ ಅಂಗಡಿಗೆ ಹೋದರೆ ನಾವು ನೋಡುವುದು ಬೆಲೆ, ತೂಕ, ಹೊಳಪು. ಬೆರಳಿನಿಂದ ತಟ್ಟಿ ನಾದ ಕೇಳುವವರೂ ಇದ್ದಾರೆ. ಆದರೆ ಒಂದು ಪಾತ್ರೆ ನಮ್ಮ ಅಡುಗೆಗೆ ಆಗಿಬರುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ಹುಳಿ. ಹಳೆ ಮೈಸೂರಿನ ಸಾರು, ಗೊಜ್ಜು, ಪುಳಿಯೋಗರೆಗೆ ಹುಣಸೆಹಣ್ಣು ಬೇಕು. ಕರಾವಳಿಯ ಅಡುಗೆಗೆ ಪುನರ್ಪುಳಿ, ಬಿಂಬುಳಿ, ಮಲೆನಾಡಿನ ಅಪ್ಪೆಹುಳಿಗೆ ಮಾವಿನಕಾಯಿ, ಕೊಡಗಿನ ಪಂದಿಕರಿಗೆ ಕಾಚಂಪುಳಿ. ಉತ್ತರ ಕರ್ನಾಟಕದ ಪುಂಡಿಪಲ್ಯದಲ್ಲಂತೂ ಸೊಪ್ಪೇ ಹುಳಿ. ದಿನಕ್ಕೊಮ್ಮೆಯಾದರೂ ಒಲೆಯ ಮೇಲೆ ಹುಳಿ ಕುದಿಯುವ ಮನೆಗಳು ನಮ್ಮವು. ಆ ಹುಳಿಯ ಜೊತೆ ಪಾತ್ರೆಯ ಲೋಹವೂ ಕರಗಿ ಸಾರಿಗೆ ಇಳಿಯಬಾರದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಈ ಮಾತು ಸ್ಪಷ್ಟವಾಗಿದೆ. ಚಟ್ನಿ, ಸಾಂಬಾರಿನಂಥ ಹುಳಿ ಪದಾರ್ಥಗಳನ್ನು ಅಲ್ಯೂಮಿನಿಯಂ, ಕಬ್ಬಿಣ, ಕಲಾಯಿಯಿಲ್ಲದ ಹಿತ್ತಾಳೆ ಮತ್ತು ತಾಮ್ರದ ಪಾತ್ರೆಗಳಲ್ಲಿ ಇಡಬೇಡಿ ಎನ್ನುತ್ತದೆ ಅದು. ನಮ್ಮ ಹಿರಿಯರಿಗೆ ಇದು ಹೊಸ ಸಂಗತಿಯಲ್ಲ. ಹಿತ್ತಾಳೆ ತಪ್ಪಲೆಯಲ್ಲಿ ಮಜ್ಜಿಗೆ ಕಂಡರೆ ಮನೆಯ ಅಜ್ಜಿ ಸಿಡುಕುತ್ತಿದ್ದದ್ದು ಇದೇ ಕಾರಣಕ್ಕೆ.

ಎರಡು ಗುಣ, ಒಂದು ಜಗಳ

ಪಾತ್ರೆಗೆ ಬೇಕಾದ ಎರಡನೆಯ ಗುಣ ಬಿಸಿಯನ್ನು ಸಮನಾಗಿ ಹರಡುವುದು. ಮನೆಯಲ್ಲೇ ಇದನ್ನು ಪರೀಕ್ಷಿಸಬಹುದು. ಅಗಲವಾದ ತೆಳು ಸ್ಟೀಲ್ ಬಾಣಲೆಗೆ ಒಂದು ಬಟ್ಟಲು ರವೆ ಹರಡಿ, ಗ್ಯಾಸ್ ಉರಿ ನಡುಮಟ್ಟದಲ್ಲಿಟ್ಟು, ಕೈಯಾಡಿಸದೆ ಸ್ವಲ್ಪ ಹೊತ್ತು ಬಿಡಿ. ಬರ್ನರಿನ ಉಂಗುರ ಇದ್ದಷ್ಟೇ ಅಗಲಕ್ಕೆ ರವೆಯ ಮೇಲೆ ಕಂದು ಬಣ್ಣದ ಬಳೆಯೊಂದು ಮೂಡುತ್ತದೆ. ಉರಿ ತಾಕಿದ ಕಡೆ ರವೆ ಸೀದಿರುತ್ತದೆ, ಅಂಚಿನಲ್ಲಿ ಹಸಿಯಾಗಿಯೇ ಇರುತ್ತದೆ. ಅದೇ ರವೆಯನ್ನು ದಪ್ಪ ಅಲ್ಯೂಮಿನಿಯಂ ಬಾಣಲೆಗೆ ಹಾಕಿದರೆ ತಳ ಪೂರ್ತಿ ಹೆಚ್ಚುಕಡಿಮೆ ಒಂದೇ ಬಣ್ಣಕ್ಕೆ ತಿರುಗುತ್ತದೆ. ಉಪ್ಪಿಟ್ಟು ಒಂದು ಮನೆಯಲ್ಲಿ ಉದುರುದುರಾಗಿ ಇನ್ನೊಂದು ಮನೆಯಲ್ಲಿ ತಳ ಹಿಡಿಯುವುದಕ್ಕೆ ಎಷ್ಟೋ ಸಲ ಕೈಗುಣಕ್ಕಿಂತ ಬಾಣಲೆಯೇ ಕಾರಣ.

ಬಿಸಿ ಸಾಗಿಸುವುದರಲ್ಲಿ ತಾಮ್ರಕ್ಕೆ ಮೊದಲ ಸ್ಥಾನ. ಸ್ಟೇನ್‌ಲೆಸ್ ಸ್ಟೀಲಿಗಿಂತ ಅದು ಸುಮಾರು 25 ಪಟ್ಟು ಚುರುಕು. ಅಲ್ಯೂಮಿನಿಯಂ ಸುಮಾರು 15 ಪಟ್ಟು, ಹಿತ್ತಾಳೆ ಸುಮಾರು 7 ಪಟ್ಟು. ಕಬ್ಬಿಣವೂ ಸ್ಟೀಲಿಗಿಂತ ಎಷ್ಟೋ ಮುಂದೆ. ಕಲ್ಲು, ಮಣ್ಣು ಸ್ಟೀಲಿಗಿಂತಲೂ ಹಿಂದೆ.

ಈಗ ಇದೇ ಪಟ್ಟಿಯನ್ನು ಹುಳಿಯ ಕಡೆಯಿಂದ ನೋಡಿ, ಕ್ರಮ ತಲೆಕೆಳಗಾಗುತ್ತದೆ. ತಾಮ್ರ, ಹಿತ್ತಾಳೆ ಹುಳಿಗೆ ಕಿಲುಬುಗಟ್ಟುತ್ತವೆ. ಅಲ್ಯೂಮಿನಿಯಮ್ಮಿನ ಮೇಲ್ಮೈಯಲ್ಲಿರುವ ಆಕ್ಸೈಡ್ ಪೊರೆ ಹುಳಿಗೆ ಸವೆಯುತ್ತದೆ. ಕಬ್ಬಿಣದಲ್ಲಿ ಕುದಿಸಿದ ಸಾರು ಕಪ್ಪಾಗಿ ಬಾಯಿಗೆ ಕಬ್ಬಿಣದ ರುಚಿ ಬರುತ್ತದೆ. ಬಿಸಿ ಹರಡಲು ಹಿಂದುಳಿದ ಸ್ಟೀಲು, ಕಲ್ಲು, ಮಣ್ಣು ಮಾತ್ರ ಹುಳಿಗೆ ಜಗ್ಗುವುದಿಲ್ಲ. ಬಿಸಿಗೆ ಒದಗುವುದು ಹುಳಿಗೆ ಆಗದು, ಹುಳಿಗೆ ಒದಗುವುದು ಬಿಸಿಗೆ ಆಗದು. ಪಾತ್ರೆಗಳ ಚರಿತ್ರೆಯಲ್ಲಿ ಬಹುಪಾಲು ಈ ಜಗಳ ಬಿಡಿಸುವ ಪ್ರಯತ್ನವೇ. ಅದರಲ್ಲಿ ಗೆದ್ದ ಉಪಾಯಗಳಲ್ಲಿ ಒಂದು ತೀರ ಹಳೆಯದು, ಇನ್ನೊಂದು ಇತ್ತೀಚಿನದು.

ಕಲಾಯಿ ಎಂಬ ಹಳೆ ಉಪಾಯ

ಹಿತ್ತಾಳೆಯ ಒಳಮೈಗೆ ತವರದ ತೆಳು ಲೇಪ ಕೊಡುವ ಕೆಲಸವೇ ಕಲಾಯಿ. ಹಬ್ಬಕ್ಕೆ ಮೊದಲು, ಮದುವೆಗೆ ಮೊದಲು ಕಲಾಯಿಯವರು ಬೀದಿಗೆ ಬಂದು, ಮರದ ನೆರಳಲ್ಲಿ ನೆಲ ಅಗೆದು ಕುಳಿ ಮಾಡಿ, ಇದ್ದಿಲು ತುಂಬಿ, ತಿದಿ ಹೂಡುತ್ತಿದ್ದರು. ಈಗ ತಿದಿಯ ಜಾಗದಲ್ಲಿ ಕೈಯಿಂದ ತಿರುಗಿಸುವ ಇಲ್ಲವೇ ಕರೆಂಟಿನ ಬ್ಲೋವರ್ ಇರುತ್ತದೆ. ಉಳಿದ ಕೆಲಸ ಮೊದಲಿದ್ದಂತೆಯೇ.

ಮೊದಲು ಪಾತ್ರೆಯ ಹಳೆ ಜಿಡ್ಡು, ಕಿಲುಬು ಹೋಗಬೇಕು. ತಗ್ಗು ಬಿದ್ದಿದ್ದರೆ ಬಡಿದು ನೇರ ಮಾಡಬೇಕು. ಆಮೇಲೆ ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ತಿರುಗಿಸುತ್ತಾರೆ. ಕಾದ ಪಾತ್ರೆಯೊಳಕ್ಕೆ ನವಸಾಗರದ ಪುಡಿ ಉದುರಿಸಿ ಹತ್ತಿಯ ಉಂಡೆಯಿಂದ ಉಜ್ಜಿದರೆ ಬಿಳಿ ಹೊಗೆ ದಟ್ಟವಾಗಿ ಏಳುತ್ತದೆ. ಮೂಗಿಗೆ ಅಡರುವ ಆ ಘಾಟು ಸುಮ್ಮನೆ ಬರುವುದಲ್ಲ. ಬಿಸಿಗೆ ಒಡೆದ ನವಸಾಗರದಿಂದ ಬರುವ ಆಮ್ಲವೇ ಹಿತ್ತಾಳೆಯ ಮೇಲಿನ ಆಕ್ಸೈಡನ್ನು ಕಿತ್ತು ಲೋಹವನ್ನು ಬೆತ್ತಲು ಮಾಡುತ್ತದೆ. ಹಾಗಾಗದೆ ತವರ ಹಿಡಿಯುವುದಿಲ್ಲ. ತವರದ ಕಡ್ಡಿಯನ್ನು ಪಾತ್ರೆಯ ಗೋಡೆಗೆ ಮುಟ್ಟಿಸಿದ ಕೂಡಲೇ ಅದು ಕರಗಿ ಜಾರುತ್ತದೆ. ಜಾರುವುದರೊಳಗೆ ಹತ್ತಿಯಿಂದ ಸರಸರ ಸವರಿ ತಳದಿಂದ ಕಂಠದವರೆಗೆ ಹರಡಬೇಕು. ಹಳದಿಯಾಗಿದ್ದ ಒಳಮೈ ನೋಡನೋಡುತ್ತಲೇ ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಕೊನೆಗೆ ತಣ್ಣೀರಿನಲ್ಲಿ ಅದ್ದಿ ತೆಗೆದರೆ ಮುಗಿಯಿತು. ಒಂದು ತಪ್ಪಲೆಗೆ ಕೆಲವೇ ನಿಮಿಷದ ಕೆಲಸವಾದರೂ ಕಾವು ಹೆಚ್ಚಾದರೆ ತವರ ಸುಟ್ಟು ಕಪ್ಪಾಗುತ್ತದೆ, ಕಡಿಮೆಯಾದರೆ ಗಂಟುಗಂಟಾಗುತ್ತದೆ. ಈ ಕಾವನ್ನು ಅವರು ಅಳೆಯುವುದು ಕಣ್ಣಿನಿಂದಲೇ.

ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಲಾಯಿ ಪಾತ್ರೆಯ ಮಿತಿಗಳೆಲ್ಲ ಈ ಸಂಖ್ಯೆಯಿಂದಲೇ ಹುಟ್ಟುತ್ತವೆ. ನೀರಿರುವ ಪದಾರ್ಥ ಕುದಿಯುವಾಗ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಸಾರು, ಹುಳಿ, ಪಾಯಸ, ಹುಗ್ಗಿಗೆ ಯಾವ ಭಯವೂ ಇಲ್ಲ. ಆದರೆ ಬರಿ ಪಾತ್ರೆಯನ್ನು ಉರಿಯ ಮೇಲೆ ಮರೆತರೆ ಲೇಪ ಕರಗಿ ತಳದಲ್ಲಿ ಗುಂಡಾಗುತ್ತದೆ. ಎಣ್ಣೆ ಕಾಯಿಸಿ ಒಗ್ಗರಣೆ ಹಾಕುವುದಕ್ಕೆ, ಕರಿಯುವುದಕ್ಕೆ ಅದು ತಕ್ಕದ್ದಲ್ಲ. ಒಗ್ಗರಣೆಯನ್ನು ಬೇರೆ ಸೌಟಿನಲ್ಲಿ ಮಾಡಿ ಸುರಿಯುವ ರೂಢಿ ಇಲ್ಲಿ ಚೆನ್ನಾಗಿ ಒದಗುತ್ತದೆ. ಕೈಯಾಡಿಸಲು ಮರದ ಸೌಟು ಇರಲಿ, ಸ್ಟೀಲ್ ನಾರು ಮುಟ್ಟಿಸಬೇಡಿ. ಒಳಗೆ ಹಳದಿ ಇಣುಕಿದ ದಿನ ಆ ಪಾತ್ರೆಯಲ್ಲಿ ಹುಳಿ ನಿಲ್ಲಿಸಿ ಮತ್ತೆ ಕಲಾಯಿಗೆ ಕೊಡಿ. ತವರಕ್ಕೆ ಸೀಸ ಬೆರೆಸಿದರೆ ಅದು ವಿಷ. ಆದ್ದರಿಂದ ಅಗ್ಗ ನೋಡದೆ ಶುದ್ಧ ತವರ ಬಳಸುವವರಲ್ಲೇ ಕೆಲಸ ಮಾಡಿಸಬೇಕು.

ಅದೇ ಉಪಾಯ, ಕಾರ್ಖಾನೆಯಲ್ಲಿ

ಈಗ ಅಂಗಡಿಗಳಲ್ಲಿ ಟ್ರೈಪ್ಲೈ ಎಂಬ ಹೆಸರಿನಲ್ಲಿ ಸಿಗುವ ದುಬಾರಿ ಪಾತ್ರೆ ಕಲಾಯಿಯ ತತ್ವವನ್ನೇ ಕಾರ್ಖಾನೆಗೆ ಒಯ್ದಿದೆ. ಒಳಗೆ ಹುಳಿ ತಡೆಯುವ ಸ್ಟೀಲ್, ನಡುವೆ ಬಿಸಿ ಹರಡುವ ಅಲ್ಯೂಮಿನಿಯಂ, ಹೊರಗೆ ಮತ್ತೆ ಸ್ಟೀಲ್. ಹೊರಪದರಕ್ಕೆ ಸಾಮಾನ್ಯವಾಗಿ ಆಯಸ್ಕಾಂತಕ್ಕೆ ಅಂಟುವ ಸ್ಟೀಲನ್ನೇ ಬಳಸುವುದರಿಂದ ಇಂಡಕ್ಷನ್ ಒಲೆಗೂ ಆಗುತ್ತದೆ. ಹಿತ್ತಾಳೆ, ತಾಮ್ರ, ಬರಿ ಅಲ್ಯೂಮಿನಿಯಂ ಇಂಡಕ್ಷನ್ ಮೇಲೆ ಕಾಯುವುದಿಲ್ಲ. ಕೊಳ್ಳುವಾಗ ಒಂದನ್ನು ವಿಚಾರಿಸಿ: ಮೂರು ಪದರ ಪಾತ್ರೆಯ ಪೂರ್ತಿ ಮೈಗಿದೆಯೋ, ತಳಕ್ಕೆ ಮಾತ್ರ ಬಿಲ್ಲೆ ಅಂಟಿಸಿದ್ದಾರೋ? ಸಾರು ಕುದಿಸಲು ತಳದ ಬಿಲ್ಲೆ ಸಾಕು. ಪಲ್ಯ, ಹಲ್ವ ಮಾಡುವ ಬಾಣಲೆಗೆ ಪೂರ್ತಿ ಮೈ ಬೇಕು, ಇಲ್ಲದಿದ್ದರೆ ಬಿಲ್ಲೆ ಮುಗಿಯುವ ಅಂಚಿನಲ್ಲೇ ಸೀಯುತ್ತದೆ.

ಸ್ಟೀಲಿನ ದರ್ಜೆಯನ್ನು ಆಯಸ್ಕಾಂತದಿಂದ ಅಳೆಯಬಹುದು ಎಂಬ ನಂಬಿಕೆ ಬಲವಾಗಿದೆ. ಅದು ಸರಿಯಲ್ಲ. 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುವ ಒಳ್ಳೆಯ 304 ದರ್ಜೆಗೆ ಆಯಸ್ಕಾಂತ ಅಂಟುವುದಿಲ್ಲ ನಿಜ. ಆದರೆ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ ಅಗ್ಗದ 200 ಸರಣಿಯ ಸ್ಟೀಲಿಗೂ ಅಂಟುವುದಿಲ್ಲ. ತಳದಲ್ಲಿ ಒತ್ತಿದ ದರ್ಜೆಯ ಗುರುತನ್ನೂ ಐಎಸ್‌ಐ ಮುದ್ರೆಯನ್ನೂ ನೋಡುವುದೇ ಮೇಲು. ಸ್ಟೀಲ್ ಮತ್ತು ಅಲ್ಯೂಮಿನಿಯಂ ಪಾತ್ರೆಗಳಿಗೆ ಈ ಮುದ್ರೆ ಕಡ್ಡಾಯವೆಂದು ಕೇಂದ್ರ ಸರ್ಕಾರ 2024ರಲ್ಲಿ ಆದೇಶ ಹೊರಡಿಸಿದೆ. ಎಷ್ಟೇ ಒಳ್ಳೆಯ ಸ್ಟೀಲಾದರೂ ಉಪ್ಪಿನಕಾಯಿಗೆ ಜಾಡಿಯೇ ಸರಿ. ಉಪ್ಪು ತಿಂಗಳುಗಟ್ಟಲೆ ಕೂತರೆ ಸ್ಟೀಲಿನಲ್ಲೂ ಸಣ್ಣ ಸಣ್ಣ ರಂಧ್ರ ಬೀಳುತ್ತದೆ.

ಕುಕ್ಕರಿನಲ್ಲಿ ಬೇಳೆ, ಹೊರಗೆ ಹುಳಿ

ಅಲ್ಯೂಮಿನಿಯಂ ಕುಕ್ಕರ್ ಇರುವವರು ಅದನ್ನು ಎಸೆಯಬೇಕಿಲ್ಲ. ಒತ್ತಡದಿಂದಾಗಿ ಒಳಗಿನ ನೀರು 120 ಡಿಗ್ರಿಯ ಹತ್ತಿರ ಕುದಿಯುವುದರಿಂದ ಬೇಳೆ ಬೇಗ ಬೇಯುತ್ತದೆ. ಬೆಂದ ಬೇಳೆಯನ್ನು ಬೇರೆ ಪಾತ್ರೆಗೆ ಬಗ್ಗಿಸಿ ಅಲ್ಲಿ ಹುಣಸೆ ರಸ ಹಾಕುವುದು ನಮ್ಮಲ್ಲಿ ಮೊದಲಿನಿಂದ ಬಂದ ಕ್ರಮ. ಇದರಿಂದ ಎರಡು ಲಾಭ: ಹುಳಿ ಅಲ್ಯೂಮಿನಿಯಮ್ಮಿಗೆ ತಾಕುವುದಿಲ್ಲ, ಮತ್ತು ಬೇಳೆ ಚೆನ್ನಾಗಿ ಮೆತ್ತಗಾಗುತ್ತದೆ. ಹುಳಿ ಮೊದಲೇ ಬಿದ್ದರೆ ಬೇಳೆ, ತರಕಾರಿ ಎರಡೂ ಬೇಯಲು ತಡ ಮಾಡುತ್ತವೆ. ಎಲ್ಲವನ್ನೂ ಒಟ್ಟಿಗೆ ಹಾಕಿ ಮೂರು ಸೀಟಿ ಕೂಗಿಸುವವರಿಗೆ ಮಾತ್ರ ಸ್ಟೀಲ್ ಕುಕ್ಕರೇ ಬೇಕು.

ಹುಳಿಯ ಸೋಂಕಿಲ್ಲದ ಕೆಲಸಕ್ಕೆ ದಪ್ಪ ಅಲ್ಯೂಮಿನಿಯಂ ಒಳ್ಳೆಯ ಆಳು. ಮುದ್ದೆ ಪಾತ್ರೆಯನ್ನೇ ನೋಡಿ. ಕವೆಗೋಲಿನಿಂದ ಪಾತ್ರೆಯನ್ನು ಅದುಮಿ ಹಿಡಿದು ಹಿಟ್ಟಿನ ಕೋಲಿನಿಂದ ಗಂಟಿಲ್ಲದಂತೆ ತಿರುವುವಾಗ ತೆಳು ಪಾತ್ರೆಯಾದರೆ ನೆಗ್ಗುತ್ತದೆ, ಇಲ್ಲವೇ ರಾಗಿ ತಳಕ್ಕೆ ಕಚ್ಚುತ್ತದೆ. ಅಲ್ಲಿ ಬೇಕಾದದ್ದು ದಪ್ಪ ತಳ ಮತ್ತು ತೂಕ.

ಕಾವಲಿಯ ಮಡಿವಂತಿಕೆ

ದೋಸೆಗೆ ಬೀಡು ಕಬ್ಬಿಣದ ಕಾವಲಿಯನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ದಪ್ಪ ಕಬ್ಬಿಣ ಒಮ್ಮೆ ಕಾದರೆ ತಣ್ಣನೆಯ ಹಿಟ್ಟು ಬಿದ್ದರೂ ಬಿಸಿ ಬಿಟ್ಟುಕೊಡುವುದಿಲ್ಲ. ಎಣ್ಣೆ ಸವರಿ ಕಾಯಿಸಿದಂತೆಲ್ಲ ಆ ಎಣ್ಣೆ ಗಟ್ಟಿ ಪೊರೆಯಾಗಿ ಕೂತು ಕಾವಲಿ ಪಳಗುತ್ತದೆ. ಹೋಟೆಲಿನವರು ನೀರು ಚಿಮುಕಿಸಿ, ಅರ್ಧ ಈರುಳ್ಳಿಯಿಂದ ಎಣ್ಣೆ ಸವರುವುದು ಈ ಪೊರೆಯನ್ನೂ ಕಾವನ್ನೂ ಹದದಲ್ಲಿಡಲು. ದೋಸೆಯ ಕಾವಲಿಯಲ್ಲಿ ಚಪಾತಿ ಬೇಯಿಸಬೇಡಿ. ಒಣ ಬಿಸಿಗೆ ಪೊರೆ ಸುಟ್ಟುಹೋಗಿ ಮರುದಿನ ದೋಸೆ ಏಳುವುದಿಲ್ಲ. ಹುಳಿಯೂ ಅದೇ ಪೊರೆಯನ್ನು ತಿನ್ನುತ್ತದೆ.

ಅಕ್ಕಿ ರೊಟ್ಟಿಯ ಲೆಕ್ಕವೇ ಬೇರೆ. ಹಿಟ್ಟನ್ನು ತಣ್ಣನೆಯ ಬಾಣಲೆಯ ಮೇಲೇ ತಟ್ಟಿ ಒಲೆಗಿಡಬೇಕು. ಒಂದು ರೊಟ್ಟಿ ಆದಮೇಲೆ ಬಾಣಲೆಯನ್ನು ಬೋರಲು ಹಾಕಿ ನೀರು ಹೊಯ್ದು ಆರಿಸಿ, ಮತ್ತೊಂದು ತಟ್ಟುತ್ತಾರೆ. ಬೀಡು ಕಬ್ಬಿಣಕ್ಕೆ ಹಾಗೆ ನೀರು ಹೊಯ್ದರೆ ಬಿರುಕು ಬಿಡಬಹುದು. ಇದಕ್ಕೆ ತಗಡಿನ ಕಬ್ಬಿಣದ ಅಥವಾ ಅಲ್ಯೂಮಿನಿಯಮ್ಮಿನ ಎರಡು ಬಾಣಲೆ ಇಟ್ಟುಕೊಂಡು ಸರದಿಯಲ್ಲಿ ಬಳಸುವುದೇ ಜಾಣತನ.

ನಾನ್‌ಸ್ಟಿಕ್ ತವಾ ಎಣ್ಣೆ ಉಳಿಸುತ್ತದೆ, ಆದರೆ ಹೆಚ್ಚು ಬಿಸಿ ಸಹಿಸದು. 170 ಡಿಗ್ರಿ ದಾಟಿದರೆ ಅಪಾಯವಿದೆ ಎಂದು ಮೇಲೆ ಹೇಳಿದ ಮಾರ್ಗಸೂಚಿಯೇ ಎಚ್ಚರಿಸಿದೆ. ಬರಿದಾಗಿ ಕಾಯಿಸದೆ, ಸಣ್ಣ ಉರಿಯಲ್ಲಿ ಬಳಸಿ, ಲೇಪ ಗೀರಿದ ಕೂಡಲೇ ಹೊರಹಾಕುವವರಿಗೆ ಮಾತ್ರ ಅದು ಸೈ.

ಕಲ್ಲು, ಮಣ್ಣು

ಬಳಪದ ಕಲ್ಲು ಮೆದು. ಬೇಲೂರಿನ ಮದನಿಕೆಯರನ್ನು ಕಡೆಯಲು ಒದಗಿದ್ದೂ ಈ ಜಾತಿಯ ಕಲ್ಲೇ. ಅದರಲ್ಲಿ ಕಡೆದ ಕಲ್ಚಟ್ಟಿಯೂ ಮಲೆನಾಡಿನ ಮರಿಗೆಯೂ ಹುಳಿಗೆ ಹೇಳಿ ಮಾಡಿಸಿದವು. ಕಾಯುವುದು ನಿಧಾನ, ಆರುವುದೂ ನಿಧಾನ. ಒಲೆಯಿಂದ ಇಳಿಸಿದ ಮೇಲೂ ಗೊಜ್ಜು ಬಹಳ ಹೊತ್ತು ಕುದಿಯುತ್ತಲೇ ಇರುತ್ತದೆ, ಆದ್ದರಿಂದ ಬೇಯುವುದಕ್ಕೆ ಸ್ವಲ್ಪ ಮೊದಲೇ ಉರಿ ಆರಿಸಬೇಕು. ಹೊಸ ಕಲ್ಲನ್ನು ನೇರ ಒಲೆಗಿಟ್ಟರೆ ಸೀಳುತ್ತದೆ. ಎಣ್ಣೆ, ಅರಿಸಿನ ಹಚ್ಚಿಟ್ಟು, ಗಂಜಿ ತುಂಬಿಟ್ಟು, ದಿನಗಟ್ಟಲೆ ಪಳಗಿಸಿ, ಆಮೇಲೆ ಸಣ್ಣ ಉರಿಯಿಂದ ಆರಂಭಿಸಬೇಕು. ಮೀನು ಸಾರಿಗೆ ಕರಾವಳಿಯವರು ಇಂದಿಗೂ ಬಿಡದ ಮಣ್ಣಿನ ಮಡಕೆಯದೂ ಇದೇ ಸ್ವಭಾವ. ಬೆಳಗಾವಿ ಜಿಲ್ಲೆಯ ಖಾನಾಪುರ ಮಣ್ಣಿನ ಪಾತ್ರೆಗೆ ಹೆಸರಾದ ಊರು, ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಮಣ್ಣಿನದನ್ನು ಕೊಳ್ಳುವಾಗ ಅಡುಗೆಗೆಂದೇ ಸುಟ್ಟದ್ದನ್ನು ಕೊಳ್ಳಿ. ಬಣ್ಣ, ಮೆರುಗು ಬಳಿದ ಅಲಂಕಾರದ ಮಡಕೆ ಒಲೆಗೆ ಬೇಡ.

ಹಾಗಾದರೆ ಏನು ಕೊಳ್ಳುವುದು?

ಮೊದಲಿಗೆ ಬೇಡದ್ದು ಹತ್ತು ಪಾತ್ರೆಗಳ ಸೆಟ್ಟು. ಅದರಲ್ಲಿ ಎರಡು ಮೂರು ಒಲೆ ಹತ್ತುತ್ತವೆ, ಉಳಿದವು ಅಟ್ಟ ಹತ್ತುತ್ತವೆ. ನಾಲ್ಕು ಜನರ ಮನೆಗೆ ಐದು ಪಾತ್ರೆ ಸಾಕು: ಬೇಳೆ, ಅನ್ನಕ್ಕೆ ಕುಕ್ಕರ್, ಸಾರು, ಹುಳಿಗೆ ದಪ್ಪ ತಳದ ಸ್ಟೀಲ್ ಡಬರಿ, ಪಲ್ಯ, ಉಪ್ಪಿಟ್ಟಿಗೆ ಟ್ರೈಪ್ಲೈ ಬಾಣಲೆ, ದೋಸೆಗೆ ಬೀಡಿನ ಕಾವಲಿ, ಚಪಾತಿ, ರೊಟ್ಟಿಗೆ ಬೇರೆಯೇ ಒಂದು ಹಂಚು. ಜೊತೆಗೆ ಒಂದು ಕಬ್ಬಿಣದ ಒಗ್ಗರಣೆ ಸೌಟು. ಕೈ ಬಿಗಿಯಿದ್ದರೆ ಟ್ರೈಪ್ಲೈ ಬದಲು ಕಬ್ಬಿಣದ ಬಾಣಲೆ ತಂದು, ಅದಕ್ಕೆ ಟೊಮೆಟೊ, ಹುಣಸೆ ಹಾಕದಿದ್ದರಾಯಿತು. ಹಣ ಹಾಕುವುದಿದ್ದರೆ ಬಾಣಲೆಗೆ ಹಾಕಿ. ಬರಿ ನೀರು, ಹಾಲು, ಸಾರು ಕುದಿಯುವ ಪಾತ್ರೆ ಸಾಧಾರಣದ್ದಾದರೂ ನಡೆಯುತ್ತದೆ.

ಅಜ್ಜಿಯ ಕಾಲದ ಹಿತ್ತಾಳೆ ತಪ್ಪಲೆ ಮನೆಯಲ್ಲಿದ್ದು, ಒಲೆ ಗ್ಯಾಸಿನದಾಗಿದ್ದರೆ, ಗುಜರಿಗೆ ಹಾಕುವ ಮೊದಲು ಒಮ್ಮೆ ಕಲಾಯಿ ಮಾಡಿಸಿ ನೋಡಿ. ಹೊಸ ಟ್ರೈಪ್ಲೈ ಡಬರಿಯ ಬೆಲೆಗೆ ಹೋಲಿಸಿದರೆ ಕಲಾಯಿಯ ಕೂಲಿ ಏನೇನೂ ಅಲ್ಲ. ಆ ತಪ್ಪಲೆ ಮತ್ತೆ ಹುಳಿಗೂ ಆಗುತ್ತದೆ, ಹುಗ್ಗಿಗೂ ಆಗುತ್ತದೆ. ತವರ ಸವೆದಾಗ ಇನ್ನೊಮ್ಮೆ ಹಾಕಿಸಬಹುದು. ಲೇಪ ಹೋದ ಮೇಲೆ ಹೀಗೆ ಹೊಸದಾಗುವ ಭಾಗ್ಯ ನಾನ್‌ಸ್ಟಿಕ್ ತವಾಕ್ಕಿಲ್ಲ.