ಕೇಳಿ ತಿನ್ನುವುದೇ ಲೇಸು

ಮಗನನ್ನೋ ಮಗಳನ್ನೋ ನೋಡಲು ಬ್ರಿಟನ್‌ಗೆ ಹೊರಟಿದ್ದೀರಾ? ಅಲ್ಲಿ ಪಬ್ ಎಂದರೆ ಬರೀ ಮದ್ಯದಂಗಡಿಯಲ್ಲ. ಮಕ್ಕಳೊಂದಿಗೆ ಕುಟುಂಬಗಳು ಊಟಕ್ಕೂ ಹೋಗುತ್ತವೆ. ನಿಮ್ಮನ್ನೂ ಯಾರಾದರೂ ಕರೆದಾರು.

ಮೀನು ತಾನೇ ಎಂದು ನಿಶ್ಚಿಂತರಾಗಬೇಡಿ. ಮೀನು ಅದ್ದಿ ಕರಿಯುವ ಹಿಟ್ಟನ್ನು ಹಲವೆಡೆ ಬಿಯರ್‌ನಲ್ಲಿ ಕಲಸುತ್ತಾರೆ. ಆಲೂಗಡ್ಡೆ ಚಿಪ್ಸ್ ಕೆಲವೆಡೆ ದನದ ಕೊಬ್ಬಿನಲ್ಲಿ ಕರಿದದ್ದು. ಅದು ಹಲಾಲ್ ಆಗಿರಬೇಕೆಂದೇನಿಲ್ಲ. ಸಾಸ್‌ನಲ್ಲಿ ವೈನ್ ಇರಬಹುದು.

ಅಲರ್ಜಿ ತರುವ 14 ಪದಾರ್ಥಗಳ ಮಾಹಿತಿ ಕೊಡುವುದು 2014ರಿಂದ ಹೋಟೆಲುಗಳಿಗೆ ಕಡ್ಡಾಯ. ಆದರೆ ಆ ಪಟ್ಟಿಯಲ್ಲಿ ಮದ್ಯವೂ ಇಲ್ಲ, ಹಂದಿಮಾಂಸವೂ ಇಲ್ಲ. ಹಾಗಾಗಿ ನಾವೇ ಕೇಳಬೇಕು. ಸಂಕೋಚವೇಕೆ? ಸಸ್ಯಾಹಾರಿಗಳೂ ಹೀಗೆಯೇ ಕೇಳುತ್ತಾರೆ.

ಕುಡಿಯಲು ಏನು ಬೇಕೆಂದಾಗ ನಲ್ಲಿ ನೀರು ಕೇಳಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಪಬ್‌ಗಳು ಗ್ರಾಹಕರಿಗೆ ಅದನ್ನು ಉಚಿತವಾಗಿ ಕೊಡಬೇಕೆಂಬ ನಿಯಮ 2010ರಿಂದಲೇ ಇದೆ.