ಆಯಿ, ಅವ್ವ, ವೈನಿ: ಒಂದ ಮನಿ, ಮೂರು ವೋಟು

ನೇಸರಗಿಯಿಂದ ಮಾತಾಡ್ಲಿಕತ್ತೀನಿ. ಇವತ್ತಿನ ವಿಷಯ ಸಿಕ್ಕಿದ್ದು ನಮ್ಮ ಅಡಗಿಮನ್ಯಾಗ. ತಿಂಗಳ ಎರಡು ಸಾವಿರ ರೂಪಾಯಿ ಯಾರಿಗೆ ಸೇರಬೇಕು ಅಂತ ಶುರುವಾದ ಮಾತು ಯಾರಿಗೆ ವೋಟು ಅನ್ನೋತನಕ ಹೋಯ್ತು.

ಆಯಿ ಮೊದಲ ಸಲ ವೋಟು ಹಾಕುವಾಗ ವಯಸ್ಸು 21 ಆಗಿರಬೇಕಿತ್ತು. 18ಕ್ಕೆ ಇಳಿದದ್ದು 1989ರಲ್ಲಿ. ಮನಿ ಗಂಡಸರು ಹೇಳಿದ ಚಿಹ್ನೆಗೆ ಶಿಕ್ಕಾ ಒತ್ತಿ ಬರೋದು, ಅಷ್ಟೇ.

ಅವ್ವನ ಕಾಲಕ್ಕೆ ಸೀಟು ಬಂತು. ನಮ್ಮ ರಾಜ್ಯದಲ್ಲಿ 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸೀಟು ಇದ್ವು. ದೇಶಕ್ಕೆಲ್ಲ ಮೂರನೇ ಒಂದು ಪಾಲು ಸಿಕ್ಕಿದ್ದು 1993ರಲ್ಲಿ. 2010ರ ತಿದ್ದುಪಡಿಯಿಂದ ಇಲ್ಲಿ ಅದು ಅರ್ಧ ಆಯ್ತು. ಅವ್ವನೂ ಒಂದು ಸಲ ಮೆಂಬರ್ ಆದ್ಲು. ಮೊದಲಿಗೆ ಅಪ್ಪ ತೋರಿಸಿದಲ್ಲಿ ಸಹಿ. ವರ್ಷ ಕಳೆಯೋದ್ರಾಗ ನಮ್ಮ ಓಣಿಗೆ ನಳ ಎಂದು ಬರ್ತೈತಿ ಅಂತ ಸಭೆಯಲ್ಲಿ ತಾನೇ ಎದ್ದು ಕೇಳಿದ್ಲು. ಅವ್ವಗ ಇವತ್ತಿಗೂ ರಾಜಕೀಯ ಅಂದ್ರೆ ಪಕ್ಷ ಅಲ್ಲ. ನಳ, ಗಟಾರ, ಬೀದಿದೀಪ.

ಈಗ ಆ ಎರಡು ಸಾವಿರ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿ ದುಡ್ಡು ಮನಿ ಯಜಮಾನಿ ಖಾತೆಗೆ ಬರ್ತೈತಿ. ಯಜಮಾನಿ ಯಾರು? ರೇಷನ್ ಕಾರ್ಡ್ ನೋಡ್ರಿ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ಕಾರ್ಡಿನಲ್ಲಿ ಮನಿ ಹಿರಿಯ ಹೆಣ್ಣುಮಗಳೇ ಮುಖ್ಯಸ್ಥೆ. ಹಂಗಾಗಿ ನಮ್ಮಲ್ಲಿ ದುಡ್ಡು ಆಯಿಗೆ. ಜೀವಮಾನದಾಗ ತನ್ನ ಹೆಸರಿಗೆ ಬಂದ ಮೊದಲ ದುಡ್ಡು ಅದು. "ಕೊಟ್ಟವರಿಗೆ ಹಾಕ್ತೀನಿ, ನನಗ ಯಾರೂ ಹೇಳೋದು ಬ್ಯಾಡ" ಅಂತಾಳ.

ವೈನಿ ಲೆಕ್ಕಾನೇ ಬ್ಯಾರೆ. ಬಿ.ಎಡ್. ಮುಗಿಸಿ ಶಿಕ್ಷಕರ ನೇಮಕಾತಿಗೆ ಓದ್ಲಿಕತ್ತಾಳ. ಅದೇ ವರ್ಷ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಬೆಳಗಾವಿ ಕೋಚಿಂಗ್‌ಗೆ ಬಸ್ ಪುಕ್ಕಟೆ. "ಬಸ್ ಸರಿ, ಇಳಿದು ಹೋಗಾಕ ನೌಕರಿ ಎಲ್ಲೈತಿ? ಮತ್ತ ಎಷ್ಟು ದುಡಿದ್ರೂ ಸೊಸಿ ಯಜಮಾನಿ ಅಲ್ಲೇನು?" ಅಂತ ಅವಳ ಪ್ರಶ್ನೆ. ಬ್ಯಾರೆ ಕಾರ್ಡ್ ಮಾಡಿಸಬೇಕು ಅಂತ ಕೂತಾಳ.

ಹಳಬರು ದುಡ್ಡಿಗೆ ವೋಟು ಹಾಕ್ತಾರ, ಓದಿದವರು ಯೋಚಿಸಿ ಹಾಕ್ತಾರ ಅನ್ನೋದನ್ನ ಬಿ.ಕಾಂ. ಓದಿದ ನಾನೂ ನಂಬಿದ್ದೆ. ಈಗ ಒಪ್ಪೋದಿಲ್ಲ. ಗಂಡಸರ ಮಾತು ಮೀರಿದಾಕಿ ಆಯಿ ಅಲ್ಲೇನು?

ಅವ್ವ ನಡುವೆ ಬಾಯಿ ಹಾಕಿದ್ಲು: "ಪಂಚಾಯಿತಿಗೆ ಅರ್ಧ, ವಿಧಾನಸೌಧಕ್ಕ ಯಾಕಿಲ್ಲ?" 2023ರಲ್ಲಿ 224 ಮಂದಿಯೊಳಗೆ ಗೆದ್ದ ಹೆಣ್ಣುಮಕ್ಕಳು ಬರೇ 10. ಅದೇ ವರ್ಷ ಸಂಸತ್ತು ಮೂರನೇ ಒಂದು ಪಾಲಿಗೆ ಒಪ್ಪಿತು. ಆದರೆ ಜನಗಣತಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೇ ಜಾರಿ ಅಂತ ಬರೆದೈತಿ.

ಹೋದ ತಿಂಗಳು ವೈನಿ ಪರೀಕ್ಷಾ ಫೀ ಕಟ್ಟಿದ್ದು ಆಯಿ ದುಡ್ಡಿನಿಂದ. ಬ್ಯಾರೆ ಕಾರ್ಡಿನ ಮಾತು ಮಾತ್ರ ವೈನಿ ಇನ್ನೂ ಬಿಟ್ಟಿಲ್ಲ.