ಒಂದು ಬಟನ್, ಅದರ ಹಿಂದೆ ಒಂದು ತಂಡ

ಭರಮಸಾಗರದ ಅಂಗಡಿಯವರೊಬ್ಬರು ಆ್ಯಪ್‌ನಲ್ಲಿ ವಿಳಾಸ ತುಂಬ್ತಿದ್ದಾರೆ ಅಂದುಕೊಳ್ಳಿ. ತಾಲ್ಲೂಕು: ಚಿತ್ರದುರ್ಗ. ಆದರೆ ‘ತ್ರ’ದ ಒತ್ತು ಅರ್ಧಕ್ಕೆ ಕತ್ತರಿಸಿ ಹೋಗಿದೆ! ಸಾಲಿನ ಎತ್ತರವನ್ನು ಇಂಗ್ಲಿಷ್ ಅಕ್ಷರದ ಅಳತೆಗೆ ಇಟ್ಟರೆ ಹೀಗಾಗುತ್ತೆ. ಕನ್ನಡಕ್ಕೆ ಕೆಳಗೂ ಜಾಗ ಬೇಕು.

ಇದನ್ನ ಒಂದೊಂದೇ ಪರದೆಯಲ್ಲಿ ತಿದ್ದುತ್ತಾ ಕೂತರೆ ಮುಗಿಯೋ ಕೆಲಸವಲ್ಲ. ಅದಕ್ಕೇ ಡಿಸೈನ್ ಸಿಸ್ಟಮ್. ಬಟನ್, ಬಣ್ಣ, ಅಕ್ಷರದ ಗಾತ್ರ, ಸಾಲಿನ ಅಂತರ ಎಲ್ಲವೂ ಕೋಡ್ ಸಮೇತ ಒಂದೇ ಕಡೆ. ಅಲ್ಲಿ ಒಮ್ಮೆ ತಿದ್ದಿ ಹೊಸ ಆವೃತ್ತಿ ಬಿಟ್ಟರೆ, ಉಳಿದ ತಂಡಗಳು ಅಪ್‌ಡೇಟ್ ಮಾಡಿಕೊಂಡರೆ ಸಾಕು.

ಬೆಂಗಳೂರಿನ ರೇಜರ್‌ಪೇ ಕಂಪನಿಯ ‘ಬ್ಲೇಡ್’ ಇಂಥದ್ದೇ. ಕಂಪನಿಯ ಒಳಗಿನ ತಂಡವೇ ಕಟ್ಟಿದ್ದು. ಅದರ ಕೋಡ್ ಗಿಟ್‌ಹಬ್‌ನಲ್ಲಿದೆ, ಯಾರು ಬೇಕಾದರೂ ನೋಡಬಹುದು.

ಇಂಥ ಸಿಸ್ಟಮ್ ಕಟ್ಟೋದಕ್ಕಿಂತ ಅದನ್ನ ಸಾಕೋದೇ ತಂಡಕ್ಕೆ ದೊಡ್ಡ ಕೆಲಸ. ಬೇರೆ ತಂಡದವರ ಪ್ರಶ್ನೆಗೆ ಉತ್ತರ ಕೊಡಬೇಕು. ಯಾವುದನ್ನ ಎಲ್ಲಿ ಬಳಸಬೇಕು ಅಂತ ಬರೆದಿಡಬೇಕು. ಅವರು ಕಳಿಸಿದ ಬದಲಾವಣೆ ಪರಿಶೀಲಿಸಬೇಕು. ಹಳೆಯದನ್ನ ತೆಗೆಯೋ ಮುಂಚೆ ತಿಳಿಸಬೇಕು. ಬಿಸಿಲಲ್ಲಿ ನಿಂತವರಿಗೂ, ಕಣ್ಣು ಮಂಜಾದವರಿಗೂ ಓದೋಕೆ ಆಗುತ್ತಾ ಅಂತ ನೋಡಬೇಕು. ಮಾಮೂಲಿ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ (ಕಾಂಟ್ರಾಸ್ಟ್) ಇರಬೇಕು ಅನ್ನುತ್ತೆ ಅಂತರರಾಷ್ಟ್ರೀಯ ಮಾನದಂಡ.

ಬ್ರಿಟನ್ ಸರ್ಕಾರ 2018ರಲ್ಲಿ ತನ್ನ ಡಿಸೈನ್ ಸಿಸ್ಟಮ್ ಬಿಡುಗಡೆ ಮಾಡಿದಾಗ, ಬೇರೆ ಇಲಾಖೆಯವರೂ ತಮ್ಮ ಕೆಲಸವನ್ನ ಅದಕ್ಕೆ ಸೇರಿಸೋ ದಾರಿ ಇಟ್ಟಿತು. ನಮ್ಮಲ್ಲೂ ಅಂಥ ದಾರಿ ಬೇಕು.

ಕಂಪನಿ ನಡೆಸೋರಿಗೆ ನನ್ನ ವಿನಂತಿ: ಡಿಸೈನ್ ಸಿಸ್ಟಮ್ ತಂಡವನ್ನ ಖರ್ಚು ಅಂತ ಮೊದಲು ಕಡಿತ ಮಾಡಬೇಡಿ. ಕನ್ನಡ ಓದಬಲ್ಲ ಒಬ್ಬರನ್ನಾದರೂ ಅದಕ್ಕೆ ಸೇರಿಸಿಕೊಳ್ಳಿ.